ಸೂಜಿರಂಧ್ರದಲ್ಲಿ ಕಂಡ ಊರು

ಗ್ರೀನ್‌ಲೆಂಡಿನ ಪೂರ್ವ ಕರಾವಳಿಯಲ್ಲಿ, ಉತ್ತರ ಅಕ್ಷಾಂಶದ 70 ಡಿಗ್ರಿಯನ್ನು ದಾಟಿದೊಡನೆ, ಸಮುದ್ರವು ಬಂಡೆಯ ನೆಲವನ್ನು ಸೀಳಿಕೊಂಡು ಒಳಹೊಕ್ಕು, ಕವಲು ಕವಲಾಗಿ ಒಡೆದು, ತನ್ನ ನೀಳವಾದ ಕವಲಿನ ತುದಿಯನ್ನು ಮುಟ್ಟುವ ಹೊತ್ತಿಗೆ ಸುಮಾರು 350 ಕಿಲೊಮೀಟರುಗಳಷ್ಟು ಒಳಸರಿದಿರುವ ಒಂದು ಮಹಾ ಫಿಯೋರ್ಡ್ ಉಂಟು. ಜಗತ್ತಿನ ಫಿಯೋರ್ಡುಗಳಲ್ಲೆಲ್ಲ ಇದೇ ದೊಡ್ಡದೆಂಬುದು ಭೂಗೋಳಜ್ಞರ ಮಾತು. ಅದರ ಬಾಯಿಯ ಬಳಿ, ಉತ್ತರದ ದಡದ ಕಲ್ಲಿನ ಇಳಿಜಾರಿನ ಮೇಲೆ, ಕೆಂಪು ಹಳದಿ ನೀಲಿ ಬಣ್ಣಗಳ ಮರದ ಮನೆಗಳ ಒಂದು ಸಣ್ಣ ಊರಿದೆ. ಕೆಲವೇ ನೂರು ಮಂದಿ ಅಲ್ಲಿ ಬಾಳುತ್ತಾರೆ. ವರುಷದ ಮುಕ್ಕಾಲು ಪಾಲು ಕಡಲು ಮಂಜಿನಿಂದ ಮುಚ್ಚಿರುವುದರಿಂದ ಹಡಗು ಬರುವುದು ಬೇಸಗೆಯ ಕೆಲವು ವಾರಗಳಲ್ಲಿ ಮಾತ್ರ. ಈಗ ಆ ಊರಿನ ಅಧಿಕೃತ ನಾಮಧೇಯ ಇಟ್ಟೊಕ್ಕೊರ್ಟೂರ್ಮಿಟ್; ಡೇನರು ಅದನ್ನು ಬಹುಕಾಲ ಸ್ಕೋರ್ಸ್‌ಬಿಸುಂಡ್ ಎಂದು ಕರೆದರು, ಈಗಲೂ ಹಲವರು ಹಾಗೆಯೇ ಕರೆಯುತ್ತಾರೆ.

ಊರುಗಳು ಹುಟ್ಟುವುದಕ್ಕೆ ಕಾರಣಗಳು ಹಲವು. ನದಿಯ ದಂಡೆಯೊಂದು ಊರನ್ನು ಹುಟ್ಟಿಸೀತು, ಸಂತೆಯೊಂದು ಹುಟ್ಟಿಸೀತು, ದುರ್ಗವೋ ದೇವಸ್ಥಾನವೋ ಹುಟ್ಟಿಸೀತು. ಸ್ಕೋರ್ಸ್‌ಬಿಸುಂಡನ್ನು ಹುಟ್ಟಿಸಿದುದು ಎರಡು ರಾಜ್ಯಗಳ ನಡುವಣ ಒಂದು ವ್ಯಾಜ್ಯ. ಜನರಿಲ್ಲದ ಕರಾವಳಿಯೊಂದು ತನ್ನದೆಂದು ವಾದಿಸಬೇಕಾಗಿದ್ದ ಡೆನ್ಮಾರ್ಕು, ಆ ವಾದಕ್ಕೆ ಬಲವಾಗಿ ಜನರನ್ನು ತಂದು ಅಲ್ಲಿ ನೆಲೆಗೊಳಿಸಿತು. ಹಾಗೆ ಸ್ಥಾಪಿತವಾದ ನೆಲೆಯಲ್ಲಿ 1958ರಲ್ಲಿ ಗ್ರೀನ್‌ಲೆಂಡಿನ ತಾಯಿಗೂ ಡೇನಿಷ್ ತಂದೆಗೂ ಹುಟ್ಟಿದ ಪಿಯಾ ಆರ್ಕೆ ಎಂಬ ಲೇಖಕಿ, ಚಿತ್ರಕಾರ್ತಿ, ತಾನು ಯಾರು ಎಂಬ ಪ್ರಶ್ನೆಯನ್ನು ಬೆನ್ನಟ್ಟಿ ಹೋದಾಗ ಆ ದಾರಿ ಆಕೆಯನ್ನು ಕೊಂಡೊಯ್ದುದು ಈ ಊರಿನ ಕಾಗದಪತ್ರಗಳ ಕಡೆಗೆ, ನಕ್ಷೆಗಳ ಕಡೆಗೆ, ಕೋಪನ್‌ಹೇಗನ್ನಿನ ಪೆಟ್ಟಿಗೆಗಳಲ್ಲಿ ಹೆಸರಿಲ್ಲದೆ ಬಿದ್ದಿದ್ದ ಛಾಯಾಚಿತ್ರಗಳ ಕಡೆಗೆ. ಆತ್ಮಶೋಧನೆಯೆಂಬುದನ್ನು ಸಾಮಾನ್ಯವಾಗಿ ಕಣ್ಣು ಮುಚ್ಚಿ ಕುಳಿತು ಮಾಡುವ ಕಾರ್ಯವೆಂದು ಬಗೆಯುವವರಿಗೆ ಈಕೆಯ ವಿಧಾನ ವಿಚಿತ್ರವಾಗಿ ತೋರಬಹುದು. ಆದರೆ ಒಂದು ಸರಕಾರದ ನಿರ್ಣಯದಿಂದ ಹುಟ್ಟಿದ ಊರಿನಲ್ಲಿ, ಆ ನಿರ್ಣಯದ ಫಲವಾಗಿಯೇ ಒಂದೆಡೆ ಸೇರಿದ ಇಬ್ಬರಿಗೆ ಹುಟ್ಟಿದವಳಿಗೆ, ಸ್ವಂತದ ಕಥೆಯೂ ಊರಿನ ಚರಿತ್ರೆಯೂ ಬೇರೆ ಬೇರೆಯಾಗಿ ಇರಲು ಸಾಧ್ಯವಿರಲಿಲ್ಲವೆಂದೇ ನನ್ನ ಎಣಿಕೆ.

ಆ ಚರಿತ್ರೆಯನ್ನು ಮೊದಲಿನಿಂದ ನೋಡೋಣ.

1822ನೆಯ ಇಸವಿಯ ಬೇಸಗೆಯಲ್ಲಿ ವಿಲಿಯಂ ಸ್ಕೋರ್ಸ್‌ಬಿ ಎಂಬ ಇಂಗ್ಲಿಷ್ ತಿಮಿಂಗಿಲಬೇಟೆಗಾರನು ‘ಬ್ಯಾಫಿನ್’ ಎಂಬ ತನ್ನ ಹಡಗಿನಲ್ಲಿ ಈ ತೀರವನ್ನು ಸುತ್ತಿ ನಕ್ಷೆಯನ್ನು ತೆಗೆದನು. ತಿಮಿಂಗಿಲಗಳ ಎಣ್ಣೆಗಾಗಿ ಬಂದವನಾದರೂ ಆತ ವಿದ್ಯಾವಂತ. ಮಂಜಿನ ಹರಳುಗಳನ್ನೂ ಕಡಲಿನ ಉಷ್ಣಮಾನವನ್ನೂ ಅಳೆದು ಬರೆದಿಟ್ಟವನು. ಮಹಾ ಫಿಯೋರ್ಡಿಗೆ ತನ್ನ ತಂದೆಯ ಗೌರವಾರ್ಥವಾಗಿ ತಮ್ಮ ಮನೆತನದ ಹೆಸರಿಟ್ಟು, ಸುತ್ತಮುತ್ತಣ ನೆಲಕ್ಕೂ ಭೂಶಿರಗಳಿಗೂ ತನ್ನ ಗುರುಗಳ, ಮಿತ್ರರ, ಉಪಕಾರಿಗಳ ಹೆಸರುಗಳನ್ನು ಹಂಚಿದನು. ಎಡಿನ್‌ಬರೋದ ಪ್ರಾಧ್ಯಾಪಕ ಜೇಮ್‌ಸನ್ನನಿಗೆ ಒಂದು ವಿಸ್ತಾರವಾದ ಪ್ರದೇಶ ದೊರಕಿತು, ಲಿವರ್‌ಪೂಲ್ ಪಟ್ಟಣಕ್ಕೆ ಒಂದು ಕರಾವಳಿ. ಫಿಯೋರ್ಡಿನ ಬಾಯಿಯ ದಕ್ಷಿಣದ ಭೂಶಿರವು ಸ್ಕಾಟ್‌ಲೆಂಡಿನ ದ್ಯುತಿವಿಜ್ಞಾನಿ ಡೇವಿಡ್ ಬ್ರೂಸ್ಟರನ ಪಾಲಿಗೆ ಬಂದಿತು. ಮಸೂರವಿಲ್ಲದೆ ಸೂಜಿರಂಧ್ರದ ಮೂಲಕವೇ ಛಾಯಾಚಿತ್ರ ತೆಗೆಯುವ ವಿಚಾರವನ್ನು ಕುರಿತು ಬರೆದ ಮೊದಲಿಗರಲ್ಲಿ ಈ ಬ್ರೂಸ್ಟರನೊಬ್ಬನೆಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಅದು ಉಪಯೋಗಕ್ಕೆ ಬರುತ್ತದೆ.

ಸ್ಕೋರ್ಸ್‌ಬಿ ದಡಕ್ಕಿಳಿದಾಗ ಕಂಡುದು ಜನರು ಬಿಟ್ಟುಹೋದ ಮನೆಗಳ ಪಾಳು ಗೋಡೆಗಳನ್ನು. ಮರುವರ್ಷ, 1823ರಲ್ಲಿ, ಇನ್ನೂ ಉತ್ತರಕ್ಕೆ ಹೋದ ಇಂಗ್ಲಿಷ್ ನೌಕಾಧಿಕಾರಿ ಕ್ಲೇವರಿಂಗನು ಆ ನಾಡಿನ ಮೂಲನಿವಾಸಿಗಳಾದ ಇನೂಯಿಟ್ ಜನರಲ್ಲಿ ಹನ್ನೆರಡು ಮಂದಿಯನ್ನು ಕಂಡನು. ಬಂದೂಕಿನ ಸದ್ದಿಗೆ ಬೆದರಿ ಅವರು ಒಂದು ರಾತ್ರಿ ಡೇರೆಗಳನ್ನು ಅಲ್ಲಿಯೇ ಬಿಟ್ಟು ಮಾಯವಾದರು. ಆ ಬಳಿಕ ಈಶಾನ್ಯ ಗ್ರೀನ್‌ಲೆಂಡಿನಲ್ಲಿ ಅವರ ಸಂತತಿಯನ್ನು ಹೊರಗಿನವರು ಯಾರೂ ಕಂಡುದಿಲ್ಲ. 1891ರಲ್ಲಿ ಡೇನಿಷ್ ನೌಕಾಧಿಕಾರಿ ಕಾರ್ಲ್ ರೀಡರನು ಫಿಯೋರ್ಡಿನೊಳಗೆ ಚಳಿಗಾಲವನ್ನು ಕಳೆದು, ಹಳೆಯ ಮನೆಗಳ ಅವಶೇಷಗಳನ್ನೂ ಸಮಾಧಿಗಳನ್ನೂ ಪರೀಕ್ಷಿಸಿ, ಸೀಲ್, ಹಿಮಕರಡಿ, ಕಸ್ತೂರಿಮೃಗದಂತೆ ಕಂಪುಸೂಸುವ ಆ ಉತ್ತರದ ಕಾಡೆತ್ತು ಮೊದಲಾದುವುಗಳಿಂದ ಸಮೃದ್ಧವಾದ ಈ ಪ್ರದೇಶದಲ್ಲಿ ಮನುಷ್ಯರು ಹಿಂದೆ ಬಾಳಿದ್ದರು ಎಂಬುದನ್ನು ದೃಢಪಡಿಸಿಕೊಂಡನು. ಹಿಂದೆ ಬಾಳಿದ್ದರು ಎಂದ ಮೇಲೆ ಮುಂದೆಯೂ ಬಾಳಬಹುದು ಎಂಬ ತರ್ಕ ಮೂರು ದಶಕಗಳ ಅನಂತರ ಡೇನರಿಗೆ ಬಹಳ ಅನುಕೂಲವಾಯಿತು.

ಡೆನ್ಮಾರ್ಕಿಗೂ ಗ್ರೀನ್‌ಲೆಂಡಿಗೂ ಈ ಸಂಬಂಧ ಬೆಳೆದ ಬಗೆಯನ್ನು ಇಲ್ಲಿ ಸ್ವಲ್ಪ ಹೇಳದೆ ತೀರದು. 1721ರಲ್ಲಿ ಹಾನ್ಸ್ ಎಗೆದೆ ಎಂಬ ಪಾದ್ರಿಯು, ಹಿಂದಿನ ಶತಮಾನಗಳಲ್ಲಿ ಅಲ್ಲಿ ನೆಲೆಸಿ ಕಾಣೆಯಾಗಿದ್ದ ನಾರ್ಸ್ ಜನರ ವಂಶಜರನ್ನು ಹುಡುಕಿ ಅವರಿಗೆ ಸುಧಾರಿತ ಕ್ರೈಸ್ತಮತವನ್ನು ಬೋಧಿಸಬೇಕೆಂದು ಪಶ್ಚಿಮ ತೀರಕ್ಕೆ ಬಂದಿಳಿದು, ಅವರು ಸಿಕ್ಕದೆ, ಇನೂಯಿಟ್ ಜನರಿಗೆ ಬೋಧಿಸತೊಡಗಿದನು. ಆತನ ಕಾರ್ಯದ ಮೇಲ್ವಿಚಾರಣೆ ಕೋಪನ್‌ಹೇಗನ್ನಿನ ಧರ್ಮಪ್ರಸಾರ ಮಂಡಳಿಯದು. 1714ರಲ್ಲಿ ಸ್ಥಾಪಿತವಾದ ಅದೇ ಮಂಡಳಿಯ ಅಧೀನದಲ್ಲಿದ್ದ ಮತ್ತೊಂದು ಕ್ಷೇತ್ರವು ತಮಿಳುನಾಡಿನ ಕಡಲತೀರದ ತರಂಗಂಬಾಡಿ. ಕಾವೇರಿಯ ಮುಖಜಭೂಮಿಯ ಸುಡುಬಿಸಿಲಿನಲ್ಲಿ ಅಲ್ಲಿಯ ಪಾದ್ರಿಗಳು ಅಚ್ಚಿನ ಮೊಳೆ ಜೋಡಿಸುತ್ತಿದ್ದುದರ ವರದಿಯೂ, ಮಂಜಿನ ತೀರದಲ್ಲಿ ಎಗೆದೆಯು ಪಟ್ಟ ಪಾಡಿನ ವರದಿಯೂ ಒಂದೇ ಮೇಜಿನ ಮೇಲೆ ಬೀಳುತ್ತಿದ್ದುವು. ತರಂಗಂಬಾಡಿಯನ್ನು ಡೇನರು 1845ರಲ್ಲಿ ಇಂಗ್ಲಿಷರಿಗೆ ಮಾರಿ ಕೈತೊಳೆದುಕೊಂಡರು, ಗ್ರೀನ್‌ಲೆಂಡನ್ನು ಬಿಡಲಿಲ್ಲ. 1774ರಲ್ಲಿ ಸ್ಥಾಪಿತವಾದ ರಾಜಾಶ್ರಯದ ವಾಣಿಜ್ಯ ಸಂಸ್ಥೆಯು ಎರಡೇ ವರುಷಗಳಲ್ಲಿ ವ್ಯಾಪಾರದ ಏಕಸ್ವಾಮ್ಯವನ್ನು ಪಡೆದು, ಸೀಲ್‌ಕೊಬ್ಬನ್ನೂ ತೊಗಲನ್ನೂ ಕೊಂಡು, ಕಾಫಿ, ಸಕ್ಕರೆ, ಹಿಟ್ಟು, ಬಟ್ಟೆಗಳನ್ನು ಮಾರಿ, ದೇಶವನ್ನು ಹೊರಗಿನವರಿಗೆ ಮುಚ್ಚಿಟ್ಟು ಆಳಿತು.

ಮಿಶ್ರಸಂತಾನದ ಪ್ರಶ್ನೆಯು ಈ ಸಂಸ್ಥೆಯ ಲೆಕ್ಕದ ಪುಸ್ತಕದಷ್ಟೇ ಹಳೆಯದು. ನಾವೆಯಿಂದಿಳಿದ ಬಡಗಿಗಳೂ ಪೀಪಾಯಿ ಕಟ್ಟುವವರೂ ಗುಮಾಸ್ತೆಗಳೂ ಸ್ಥಳೀಯ ಸ್ತ್ರೀಯರೊಡನೆ ಸಂಸಾರ ಹೂಡಿದರು. 1782ರಲ್ಲಿ ಹೊರಟ ನಿಯಮಾವಳಿಯು ಇಂಥ ವಿವಾಹಗಳಿಗೆ ಮಿತಿಗಳನ್ನು ಹಾಕಿತು. ಮತವಾಗಲಿ ನೀತಿಯಾಗಲಿ ಅದರ ಮುಖ್ಯ ಚಿಂತೆಯಾಗಿರಲಿಲ್ಲ. ಕಯಾಕ್ ದೋಣಿಯನ್ನು ನಡೆಸಿ ಸೀಲ್ ಹೊಡೆಯಲು ಕಲಿಯದ ಹುಡುಗನು ಸಂಸ್ಥೆಗೆ ಕೊಬ್ಬನ್ನು ತಂದುಕೊಡಲಾರ. ಡೇನನ ಮನೆಯಲ್ಲಿ ಬೆಳೆದು ಬ್ರೆಡ್ಡಿನ ರುಚಿ ಕಂಡವನು ಬೇಟೆಗಾರನಾಗುವನೇ ಎಂಬುದು ಆಡಳಿತಗಾರರ ಆತಂಕ. ಆದರೂ ಮಿಶ್ರಜನರು ಹೆಚ್ಚಿದರು. ಅವರಿಂದಲೇ ಉಪದೇಶಿಗಳ, ಗುಮಾಸ್ತೆಗಳ, ಮುದ್ರಕರ ಒಂದು ವರ್ಗವು ಬೆಳೆಯಿತು. ಪಶ್ಚಿಮ ತೀರದಲ್ಲಿ ಬರೆಯಬಲ್ಲ, ಬರೆದುದನ್ನು ಓದಬಲ್ಲ ಸಮಾಜವೊಂದು ರೂಪುಗೊಳ್ಳಲು ಈ ವರ್ಗ ಮುಖ್ಯ ಕಾರಣ. 1861ರಿಂದ ಗ್ರೀನ್‌ಲೆಂಡಿಕ್ ಭಾಷೆಯಲ್ಲಿಯೇ ಪ್ರಕಟವಾಗುತ್ತ ಬಂದ ‘ಅಟುಆಗಾಗ್ಡ್ಲಿಯೂಟಿಟ್’ ಪತ್ರಿಕೆಯ ಓದುಗರು ಅವರು.

ಈ ವರ್ಗದ ಅತ್ಯಂತ ಪ್ರಸಿದ್ಧ ಪುರುಷ ಕ್ನೂದ್ ರಾಸ್ಮುಸ್ಸೆನ್. 1879ರಲ್ಲಿ ಇಲುಲಿಸ್ಸಾಟ್‌ನಲ್ಲಿ ಡೇನಿಷ್ ಪಾದ್ರಿಯ ಮಗನಾಗಿ ಹುಟ್ಟಿದ ಆತನ ತಾಯಿಯ ಕಡೆಯಲ್ಲಿ ಇನೂಯಿಟ್ ರಕ್ತವಿತ್ತು. ಆಟದ ಗೆಳೆಯರ ನುಡಿ ಆತನ ನುಡಿಯಾಯಿತು, ನಾಯಿಗಳ ಜಾರುಬಂಡಿ ಆತನ ಬಾಲ್ಯದ ಆಟದ ಸಾಮಾನು. 1921ರಿಂದ 1924ರ ವರೆಗೆ ನಡೆದ ಐದನೆಯ ತೂಲೆ ಯಾತ್ರೆಯಲ್ಲಿ ಆತ ಗ್ರೀನ್‌ಲೆಂಡಿನಿಂದ ಅಲಾಸ್ಕದ ಪಶ್ಚಿಮ ತುದಿಯ ವರೆಗೆ ಹೋಗಿ, ದಾರಿಯುದ್ದಕ್ಕೂ ಇನೂಯಿಟ್ ಜನರ ಕಥೆಗಳನ್ನೂ ಮಂತ್ರಗಳನ್ನೂ ಅವರ ಮಾತಿನಲ್ಲಿಯೇ ಕೇಳಿ ಬರೆದುಕೊಂಡನು. ಮಿಶ್ರಜನ್ಮವು ಆತನಿಗೆ ಎರಡು ಮನೆಗಳ ಕೀಲಿಕೈ. ಡೇನರ ನಡುವೆ ಆತ ಇನೂಯಿಟ್ ಜನರ ವಕೀಲ. ಇನೂಯಿಟ್ ಜನರ ನಡುವೆ ನೆಂಟ. ಇದು ಸಾಧ್ಯವಾದುದು ಆತನ ಪ್ರತಿಭೆಯಿಂದ ಮಾತ್ರವಲ್ಲ, ಆತ ಗಂಡಸೆಂಬುದರಿಂದ, ತಂದೆಯ ಹೆಸರು ಕಾನೂನುಬದ್ಧವಾಗಿ ಆತನದಾಗಿದ್ದುದರಿಂದ, ಮೇಲಾಗಿ ತಾಯ್ನುಡಿಯು ಆತನ ನಾಲಗೆಯ ಮೇಲೆ ಉಳಿದಿದ್ದುದರಿಂದ. ಪಿಯಾ ಆರ್ಕೆಗೆ ಈ ಮೂರರಲ್ಲಿ ಮೊದಲನೆಯದೂ ಇರಲಿಲ್ಲ, ಕೊನೆಯದೂ ಇರಲಿಲ್ಲ. ಆದರೆ ಆಕೆಯ ವಿಷಯಕ್ಕೆ ಬರುವ ಮುನ್ನ ಊರನ್ನು ಕಟ್ಟಬೇಕು.

ಪೂರ್ವ ಗ್ರೀನ್‌ಲೆಂಡು ಪಶ್ಚಿಮಕ್ಕಿಂತ ಬೇರೆಯದೇ ಲೋಕ. ಕಡಲಮಂಜಿನ ಪಟ್ಟಿಯೊಂದು ಅದನ್ನು ಬೇಲಿಯಂತೆ ಬಳಸಿರುವುದರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ವರೆಗೂ ಯೂರೋಪಿಯನರು ಅಲ್ಲಿ ನೆಲೆಯೂರಲಿಲ್ಲ. 1884ರಲ್ಲಿ ನೌಕಾಧಿಕಾರಿ ಗುಸ್ತಾವ್ ಹೋಲ್ಮನು ಸೀಲಿನ ತೊಗಲಿನಿಂದ ಮಾಡಿದ ಉಮಿಯಾಕ್ ದೋಣಿಗಳಲ್ಲಿ ದಕ್ಷಿಣದಿಂದ ತೀರ ಹಿಡಿದು ಬಂದು ಅಂಗ್‌ಮಾಗ್ಸಾಲಿಕ್ ಎಂಬಲ್ಲಿ ಒಂದು ಜನಸಮುದಾಯವನ್ನು ಕಂಡು, ಅವರನ್ನು ಎಣಿಸಿ, 413 ಮಂದಿಯೆಂದು ಬರೆದನು. ಹತ್ತು ವರುಷಗಳ ಬಳಿಕ, 1894ರಲ್ಲಿ, ಅಲ್ಲಿ ಡೇನಿಷ್ ಅಂಗಡಿಯೂ ಧರ್ಮಪ್ರಸಾರದ ಠಾಣ್ಯವೂ ಬಂದುವು. ಜನಸಂಖ್ಯೆ ಏರತೊಡಗಿತು, ಬೇಟೆ ಏರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ರಾಜಕೀಯದ ಕಾವೂ ಏರಿತು. ಡೆನ್ಮಾರ್ಕು 1921ರಲ್ಲಿ ಇಡಿಯ ಗ್ರೀನ್‌ಲೆಂಡು ತನ್ನ ಸಾರ್ವಭೌಮತ್ವಕ್ಕೆ ಸೇರಿದುದೆಂದು ಸಾರಿದಾಗ, ಪೂರ್ವ ತೀರದಲ್ಲಿ ತಲೆಮಾರುಗಳಿಂದ ಸೀಲ್ ಬೇಟೆಯಾಡುತ್ತಿದ್ದ ನಾರ್ವೆಯವರು ಅದನ್ನೊಪ್ಪಲಿಲ್ಲ. 1924ರಲ್ಲಿ ಎರಡು ರಾಜ್ಯಗಳೂ ಒಂದು ಒಡಂಬಡಿಕೆಗೆ ಬಂದುವಾದರೂ ಮೂಲದ ವಿವಾದ ಅಲ್ಲಿಯೇ ಉಳಿಯಿತು. ಆ ವರ್ಷವೇ ಎಯ್ನಾರ್ ಮಿಕ್ಕೆಲ್ಸೆನ್ ಎಂಬ ಸಾಹಸಿಯು ಸ್ಕೋರ್ಸ್‌ಬಿಸುಂಡಿಗೆ ಹೋಗಿ ಮನೆಗಳನ್ನು ಕಟ್ಟಿಸಿದನು. ಈತ ಸಾಮಾನ್ಯನಲ್ಲ, 1909ರಿಂದ 1912ರ ವರೆಗೆ, ಮಂಜಿನಲ್ಲಿ ಮಡಿದ ಹಿಂದಿನ ಯಾತ್ರಿಕರ ಬರಹಗಳನ್ನು ಹುಡುಕಿಕೊಂಡು ಈಶಾನ್ಯ ಗ್ರೀನ್‌ಲೆಂಡಿಗೆ ಹೋಗಿ, ಹಡಗನ್ನು ಕಳೆದುಕೊಂಡು, ಒಬ್ಬನೇ ಸಂಗಾತಿಯೊಡನೆ ಚಳಿಗಾಲಗಳನ್ನು ಕಳೆದು ಬದುಕಿ ಬಂದವನು. ಅಂಗ್‌ಮಾಗ್ಸಾಲಿಕಿನವರಿಗೆ ಉತ್ತರದ ಫಿಯೋರ್ಡಿನಲ್ಲಿ ಸಮೃದ್ಧವಾದ ಬೇಟೆ ದೊರೆಯುವುದೆಂದು ಆತ ಮನಃಪೂರ್ವಕವಾಗಿ ನಂಬಿದ್ದನೆಂಬುದರಲ್ಲಿ ಸಂದೇಹವಿಲ್ಲ. ಅದೇ ಕಾಲಕ್ಕೆ ಡೇನಿಷ್ ಧ್ವಜದ ಕೆಳಗೆ ಸಂಸಾರಸಮೇತರಾದ ಜನರಿರುವುದು ರಾಜ್ಯದ ಹಕ್ಕಿಗೆ ಬಲವೆಂಬುದನ್ನೂ ಆತ ಬಲ್ಲವನು. ಪರೋಪಕಾರವೂ ರಾಜಕಾರಣವೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳಾದಾಗ ಯಾವುದು ಎಳೆಯಿತು ಯಾವುದು ಬರಿದೇ ನಡೆಯಿತು ಎಂದು ಹೇಳುವುದು ಕಷ್ಟ.

1925ರಲ್ಲಿ, ಬಹುಮಟ್ಟಿಗೆ ಅಂಗ್‌ಮಾಗ್ಸಾಲಿಕಿನವರೇ ಆಗಿದ್ದ, ಜೊತೆಗೆ ಪಶ್ಚಿಮ ತೀರದ ಕೆಲವರನ್ನೂ ಒಳಗೊಂಡ ಸುಮಾರು ಎಂಬತ್ತು ಮಂದಿಯನ್ನು, ಮಕ್ಕಳು ಮುದುಕರು ನಾಯಿಗಳು ದೋಣಿಗಳು ಸಹಿತವಾಗಿ, ಹಡಗೊಂದು ಉತ್ತರಕ್ಕೆ ಸಾಗಿಸಿತು. ಆ ಹಡಗಿನ ಹೆಸರು ‘ಗುಸ್ತಾವ್ ಹೋಲ್ಮ್’. ನಾಲ್ಕು ದಶಕಗಳ ಹಿಂದೆ ಅವರ ಹಿರಿಯರನ್ನು ತಲೆಯೆಣಿಸಿ ಬರೆದುಕೊಂಡವನ ಹೆಸರಿನ ನಾವೆಯಲ್ಲಿಯೇ ಈ ಜನ ಹೊಸ ಊರಿಗೆ ಹೊರಟುದು ಕಾದಂಬರಿಯಲ್ಲಿ ಬಂದಿದ್ದರೆ ಕೃತಕವೆಂದು ವಿಮರ್ಶಕರು ಆಕ್ಷೇಪಿಸುತ್ತಿದ್ದರು. 1931ರಲ್ಲಿ ನಾರ್ವೆಯು ಈ ನೆಲೆಯಿಂದ ಅನತಿದೂರದಲ್ಲಿ ಉತ್ತರಕ್ಕಿದ್ದ ತೀರವನ್ನು ತನ್ನದೆಂದು ಘೋಷಿಸಿತು; ವ್ಯಾಜ್ಯವು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಬಂದು, 1933ರ ಏಪ್ರಿಲ್ 5ರಂದು ಡೆನ್ಮಾರ್ಕಿನ ಪರವಾಗಿ ತೀರ್ಪಾಯಿತು. ಆ ವರ್ಷವೇ ರಾಸ್ಮುಸ್ಸೆನನು ಅಂಗ್‌ಮಾಗ್ಸಾಲಿಕಿನಲ್ಲಿ ಅಲ್ಲಿಯ ಜನರನ್ನೇ ನಟರನ್ನಾಗಿಸಿ ‘ಪಾಲೊನ ಮದುವೆ’ ಎಂಬ ಚಲನಚಿತ್ರವನ್ನು ತೆಗೆಯುವ ಕೆಲಸದಲ್ಲಿದ್ದು, ಕಾಯಿಲೆಬಿದ್ದು, ಡಿಸೆಂಬರಿನಲ್ಲಿ ಡೆನ್ಮಾರ್ಕಿನಲ್ಲಿ ತೀರಿಕೊಂಡನು.

ನ್ಯಾಯಾಲಯದ ಕೆಲಸ ಮುಗಿದರೂ ಊರಿನ ಜನ ಅಲ್ಲಿಯೇ ಉಳಿದರಷ್ಟೆ. ಊರಿನ ಒಳರಚನೆ ಮೂರಂತಸ್ತಿನದು. ಮೇಲೆ ಡೇನಿಷ್ ಅಧಿಕಾರಿ, ಅಂಗಡಿಯವನು, ತಂತಿ ಕಚೇರಿಯ ನೌಕರರು. ನಡುವೆ ಪಶ್ಚಿಮ ತೀರದಿಂದ ಬಂದ ಪಾದ್ರಿ, ಉಪದೇಶಿ. ಕೆಳಗೆ ಪೂರ್ವದ ಬೇಟೆಗಾರರು. ಇಗರ್ಜಿಯಲ್ಲಿಯೂ ಶಾಲೆಯಲ್ಲಿಯೂ ನಡೆಯುತ್ತಿದ್ದುದು ಪಶ್ಚಿಮದ ಗ್ರೀನ್‌ಲೆಂಡಿಕ್, ಮನೆಯಲ್ಲಿ ಆಡುತ್ತಿದ್ದುದು ಅದಕ್ಕಿಂತ ಎಷ್ಟೋ ಭಿನ್ನವಾದ ಪೂರ್ವದ ನುಡಿ, ಅಧಿಕಾರದ್ದು ಡೇನಿಷ್. ಆದುದರಿಂದ ಗ್ರೀನ್‌ಲೆಂಡ್ ಮತ್ತು ಡೆನ್ಮಾರ್ಕ್ ಎಂಬ ಎರಡು ಪಕ್ಷಗಳನ್ನು ಮಾಡಿಕೊಂಡು ಈ ಊರಿನ ಕಥೆಯನ್ನು ಹೇಳಹೊರಟರೆ ಅರ್ಧ ಕಥೆ ಕೈಬಿಟ್ಟುಹೋಗುತ್ತದೆ.

ಬೇಸಗೆಯ ಹಡಗಿನಲ್ಲಿ ಬರುವ ಭೂವಿಜ್ಞಾನಿಗಳು, ಜನಾಂಗವಿಜ್ಞಾನಿಗಳು, ವೈದ್ಯರು, ಯಾತ್ರಿಕರು ಕೈಯಲ್ಲಿ ಕ್ಯಾಮರಾ ಹಿಡಿದು ಬರುತ್ತಿದ್ದರು. ತೆಗೆದ ಚಿತ್ರಗಳು ಅದೇ ಹಡಗಿನಲ್ಲಿ ಹಿಂದಿರುಗಿ ಸಂಗ್ರಹಾಲಯಗಳನ್ನೂ ಪತ್ರಾಗಾರಗಳನ್ನೂ ಖಾಸಗಿ ಅಟ್ಟಗಳನ್ನೂ ಸೇರುತ್ತಿದ್ದುವು. ಬೆಟ್ಟದ ಹೆಸರು, ಕೊಲ್ಲಿಯ ಹೆಸರು, ಚಿತ್ರ ತೆಗೆದವನ ಹೆಸರು ಅವುಗಳ ಬೆನ್ನಿನ ಮೇಲೆ ಇರುತ್ತಿದ್ದುವು. ಚಿತ್ರದೊಳಗೆ ನಿಂತ ಹೆಂಗಸಿನ ಹೆಸರು ಎಷ್ಟೋ ವೇಳೆ ಇರುತ್ತಿರಲಿಲ್ಲ. ಎಸ್ಕಿಮೊ ಸ್ತ್ರೀ ಎಂಬಷ್ಟರಿಂದಲೇ ಬರೆದವನಿಗೆ ತೃಪ್ತಿಯಾಗುತ್ತಿತ್ತು.

ಪಿಯಾ ಆರ್ಕೆಯ ತಂದೆ ತಂತಿ ಕಚೇರಿಯ ನೌಕರ. ತಾಯಿಯ ಬಂಧುವರ್ಗವು ಪೂರ್ವ ಗ್ರೀನ್‌ಲೆಂಡಿನದು. ತಂದೆಯ ಉದ್ಯೋಗವನ್ನನುಸರಿಸಿ ಸಂಸಾರವು ಊರಿಂದೂರಿಗೆ ಹೋಯಿತು. ವಾಯವ್ಯದ ತೂಲೆಯ ಬಳಿ, ಆಮೇಲೆ ದಕ್ಷಿಣದ ನಾರ್ಸಾಕಿನ ಸಮೀಪದ ನೂಗಾರ್ಸುಕ್ ಎಂಬ ಭೂಶಿರದಲ್ಲಿ, ಹದಿಹರೆಯ ಕಾಲಿಡುವ ಹೊತ್ತಿಗೆ ಡೆನ್ಮಾರ್ಕಿನಲ್ಲಿ. ಕಲಿತುದೆಲ್ಲ ಡೇನಿಷಿನಲ್ಲಿ, ತಾಯಿಯ ಮಾತು ಆಕೆಗೆ ಒಲಿಯಲಿಲ್ಲ. ಮಕ್ಕಳು ಮುಂದುವರಿಯಬೇಕಾದರೆ ಡೇನಿಷ್ ಬೇಕು, ಡೇನಿಷ್ ಚೆನ್ನಾಗಿ ಬರಬೇಕಾದರೆ ಮತ್ತೊಂದು ಅಡ್ಡಬರಬಾರದು ಎಂಬ ಅಭಿಪ್ರಾಯ ಆಗ ಬಹುಕಾಲದಿಂದ ಬೇರೂರಿದ್ದುದು. 1951ರಲ್ಲಿ 22 ಮಂದಿ ಗ್ರೀನ್‌ಲೆಂಡಿನ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ, ಡೇನಿಷ್ ನಡೆನುಡಿ ಕಲಿತ ಮಾದರಿ ಮಕ್ಕಳನ್ನಾಗಿ ತಿದ್ದಬೇಕೆಂದು ಡೆನ್ಮಾರ್ಕಿಗೆ ಒಯ್ದಿದ್ದರು. ಅದಕ್ಕಾಗಿ ಡೇನಿಷ್ ಪ್ರಧಾನಮಂತ್ರಿಯು ಕ್ಷಮೆ ಕೇಳಿದುದು 2020ರಲ್ಲಿ. 1964ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ, ಗ್ರೀನ್‌ಲೆಂಡಿನಲ್ಲಿ ಹುಟ್ಟಿದ ನೌಕರನಿಗೆ ಅದೇ ಕೆಲಸಕ್ಕೆ ಡೆನ್ಮಾರ್ಕಿನಲ್ಲಿ ಹುಟ್ಟಿದವನಿಗಿಂತ ಕಡಮೆ ಸಂಬಳ. ಇದಕ್ಕಿಂತ ಸೂಕ್ಷ್ಮವಾದ, ಆದರೆ ಇದಕ್ಕಿಂತ ಕ್ರೂರವಾದ ಭೇದವೊಂದಿತ್ತು. ವಿವಾಹಬಾಹಿರವಾಗಿ ಹುಟ್ಟಿದ ಮಗುವಿಗೆ ತನ್ನ ತಂದೆ ಯಾರೆಂದು ತಿಳಿಯುವ ಹಕ್ಕು ಡೆನ್ಮಾರ್ಕಿನಲ್ಲಿ ಎಂದೋ ಬಂದಿದ್ದರೂ, ಪಶ್ಚಿಮ ಗ್ರೀನ್‌ಲೆಂಡಿಗೆ ಅದು 1963ರಲ್ಲಿ, ಪೂರ್ವಕ್ಕೂ ಉತ್ತರಕ್ಕೂ 1974ರಲ್ಲಿ ತಲುಪಿತು. ಬೇಸಗೆಯ ಹಡಗಿನಲ್ಲಿ ಬಂದು ಬೇಸಗೆಯ ಹಡಗಿನಲ್ಲಿಯೇ ಹೋದ ಗಂಡಸರ ಮಕ್ಕಳು ಕಾನೂನಿನ ಕಣ್ಣಿಗೆ ತಂದೆಯೇ ಇಲ್ಲದವರು. ಆರ್ಕೆಗೆ ತಂದೆ ಮನೆಯಲ್ಲಿಯೇ ಇದ್ದನಾದರೂ, ಆಕೆಯ ಓರಗೆಯವರಲ್ಲಿ ಎಷ್ಟೋ ಮಂದಿಗೆ ತಮ್ಮ ವಂಶವೃಕ್ಷದ ಅರ್ಧಭಾಗವು ಖಾಲಿ ಕಾಗದ. ವಂಶದ ಪ್ರಶ್ನೆಯು ಅಲ್ಲಿ ಯಾರಿಗೂ ಕೇವಲ ಭಾವುಕತೆಯ ವಿಷಯವಾಗಿರಲಿಲ್ಲ.

ಕೋಪನ್‌ಹೇಗನ್ನಿನ ರಾಜಾಶ್ರಯದ ಕಲಾಶಾಲೆಯಲ್ಲಿ ಆಕೆ ಚಿತ್ರಕಲೆಯನ್ನು ಅಭ್ಯಸಿಸಿದಳು. ಅಲ್ಲಿ ವ್ಯಾಸಂಗಮಾಡುತ್ತಿದ್ದಾಗಲೇ, ಒಬ್ಬರು ಒಳಗೆ ಕುಳಿತುಕೊಳ್ಳಬಹುದಾದಷ್ಟು ದೊಡ್ಡದಾದ ಒಂದು ಮರದ ಪೆಟ್ಟಿಗೆಯನ್ನು ಕಟ್ಟಿ, ಅದಕ್ಕೆ ಮಸೂರವನ್ನು ಹಾಕದೆ ಒಂದು ಸೂಜಿರಂಧ್ರವನ್ನು ಬಿಟ್ಟು, ಕ್ಯಾಮರಾ ಮಾಡಿಕೊಂಡಳು. ಅದನ್ನು ಗ್ರೀನ್‌ಲೆಂಡಿಗೆ ಸಾಗಿಸಿ, ತಾನು ಬಾಲ್ಯದಲ್ಲಿ ಬಾಳಿದ ಎಡೆಗಳ ಮುಂದೆ ಇರಿಸಿ, ಕತ್ತಲೆಯ ಪೆಟ್ಟಿಗೆಯೊಳಗೆ ತಾನೇ ಕುಳಿತು, ನೆಲವೂ ಕಡಲೂ ತಲೆಕೆಳಗಾಗಿ ಕಾಗದದ ಮೇಲೆ ಮೂಡುವುದನ್ನು ಕಾದು ನೋಡಿದಳು. ನೂಗಾರ್ಸುಕಿನ ದೊಡ್ಡ ಚಿತ್ರ ಹೀಗೆ ಬಂದುದು. ಮುಂಚೆ ಹೇಳಿದ ಬ್ರೂಸ್ಟರನ ಹೆಸರು ಈ ಊರಿನ ಎದುರಿನ ಭೂಶಿರದ ಮೇಲೆ ಒಂದೂವರೆ ಶತಮಾನಕ್ಕೂ ಮಿಕ್ಕಿ ನಿಂತಿತ್ತು. ಅದೇ ಭೂಶಿರಕ್ಕೆ ಎದುರಾದ ದಡದಲ್ಲಿ ಹುಟ್ಟಿದವಳು ಸೂಜಿರಂಧ್ರವನ್ನೇ ತನ್ನ ಉಪಕರಣವನ್ನಾಗಿ ಆರಿಸಿಕೊಂಡಳು. ಇದು ಕಾಕತಾಳೀಯ, ಆದರೂ ಚೆಲುವಾದ ಕಾಕತಾಳೀಯ. ಮಸೂರದ ಕ್ಯಾಮರಾ ಕ್ಷಣಮಾತ್ರದಲ್ಲಿ ಕಸಿದುಕೊಂಡು ಹೊರಟುಹೋಗುತ್ತದೆ. ಯಾತ್ರಿಕನ ಉಪಕರಣ ಅದು. ಆಕೆಯ ಪೆಟ್ಟಿಗೆಗೆ ಬಹಳ ಹೊತ್ತು ಬೇಕು. ಚಿತ್ರ ತೆಗೆಯುವವಳು ಅಲ್ಲಿ ಕುಳಿತೇ ಇರಬೇಕು.

1995ರಲ್ಲಿ ಕಲಾಶಾಲೆಗೆ ಒಪ್ಪಿಸಿದ ‘ಎಥ್ನೋ-ಎಸ್ತೆಟಿಕ್’ ಎಂಬ ಪ್ರಬಂಧವು ಆಕೆಯ ಬರಹಗಳಲ್ಲಿ ಮೊದಲು ಗಣನೆಗೆ ಬರತಕ್ಕುದು. ಗ್ರೀನ್‌ಲೆಂಡಿನ ಕಲಾವಿದನಿಂದ ಯೂರೋಪಿನ ರಸಿಕನು ಬಯಸುವುದು ಏನನ್ನು? ಆದಿಮವಾದ, ಕಲಬೆರಕೆಯಿಲ್ಲದ, ಸಂಗ್ರಹಾಲಯದ ಗಾಜಿನ ಹಿಂದೆ ಇಡಬಹುದಾದ ವಸ್ತುವನ್ನು. ಅಂಥ ಶುದ್ಧಿಯನ್ನು ನಟಿಸಿ ಅವರನ್ನು ಮೆಚ್ಚಿಸುವುದು ಒಂದು ದಾರಿ. ಎಲ್ಲವನ್ನೂ ಮರೆತು ಯೂರೋಪಿಯನನೇ ಆಗಿಬಿಡುವುದು ಇನ್ನೊಂದು. ನೋಡುವವನಾಗಿಯೂ ನೋಡಿಸಿಕೊಳ್ಳುವ ವಸ್ತುವಾಗಿಯೂ ಏಕಕಾಲದಲ್ಲಿ ಹುಟ್ಟಿದ ಮಿಶ್ರಜನ್ಮದವರು ಈ ಎರಡೂ ದಾರಿಗಳನ್ನು ಬಿಟ್ಟು ಮೂರನೆಯದೊಂದು ಎಡೆಯನ್ನು ತಾವೇ ಕಲ್ಪಿಸಿಕೊಳ್ಳಬೇಕಾಗಿದೆ ಎಂಬುದು ಆಕೆಯ ವಾದ. ಈ ಮಾತನ್ನು ಆಮೇಲೆ ಎಷ್ಟೋ ಮಂದಿ ಎತ್ತಿ ಆಡಿದ್ದಾರೆ. ಸುಲಭವಾದ ಸಮನ್ವಯದ ಮಾತೆಂದು ಭಾವಿಸಿ ಅದನ್ನು ಸವಿಮಾಡಿರುವವರೂ ಉಂಟು. ನನಗೆ ತೋರುವಂತೆ ಅದರಲ್ಲಿ ಸವಿಗಿಂತ ಒಗರೇ ಹೆಚ್ಚು. ಕಲಬೆರಕೆಯವಳೆಂಬ ಹೀಯಾಳಿಕೆಯನ್ನು ಆಕೆ ಮುಚ್ಚಿಡದೆ ತನ್ನ ಮೇಲೆ ತಾನೇ ಹಾಕಿಕೊಂಡು ಬರೆದಳು.

ಚಿತ್ರಗಳಲ್ಲಿ ಆ ಒಗರು ಇನ್ನೂ ಸ್ಪಷ್ಟ. ‘ಮೂವರು ಲಾವಣ್ಯದೇವಿಯರು’ ಎಂಬ 1993ರ ಚಿತ್ರಮಾಲೆಯಲ್ಲಿ ತಾನೂ ತನ್ನ ಬಳಗದ ಇಬ್ಬರು ಸ್ತ್ರೀಯರೂ ನೂಗಾರ್ಸುಕಿನ ಚಿತ್ರಪಟದ ಮುಂದೆ, ಸಂಗ್ರಹಾಲಯದಲ್ಲಿಡುವಂಥ ವಸ್ತುಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ. 1996ರ ‘ಆರ್ಕ್ಟಿಕ್ ಹಿಸ್ಟೀರಿಯ’ ಎಂಬ ನಿಶ್ಶಬ್ದ ಚಲಚ್ಚಿತ್ರದಲ್ಲಿ ಅದೇ ಭೂದೃಶ್ಯದ ಬೃಹತ್ ಪಟವನ್ನು ನೆಲಕ್ಕೆ ಹಾಸಿ, ವಿವಸ್ತ್ರೆಯಾಗಿ ಅದರ ಮೇಲೆ ತೆವಳಿ, ಕೊನೆಗೆ ಅದನ್ನು ಚೂರು ಚೂರಾಗಿ ಹರಿದುಹಾಕುತ್ತಾಳೆ. ಆರ್ಕ್ಟಿಕ್ ಪ್ರದೇಶದ ಸ್ತ್ರೀಯರಿಗೆ ವಿಶಿಷ್ಟವಾದ ಉನ್ಮಾದವೊಂದಿದೆಯೆಂದು ಪೀರಿ ಮೊದಲಾದ ಧ್ರುವಯಾತ್ರಿಕರ ಕಾಲದ ಬರಹಗಳು ಹೇಳುತ್ತಿದ್ದುವು. ನ್ಯೂಯಾರ್ಕಿನ ಎಕ್ಸ್‌ಪ್ಲೋರರ್ಸ್ ಕ್ಲಬ್ಬಿನ ಪತ್ರಾಗಾರದಲ್ಲಿ, ತುಪ್ಪುಳಿನ ಉಡುಪು ತೊಟ್ಟ ಇಬ್ಬರು ಗಂಡಸರು ಹಿಡಿದುಕೊಂಡಿರುವ ನಗ್ನ ಸ್ತ್ರೀಯ ಚಿತ್ರವೊಂದನ್ನು ಆಕೆ ಕಂಡಿದ್ದಳು. ಉನ್ಮಾದ ಯಾರದೆಂದು ಆ ಚಿತ್ರವನ್ನು ನೋಡಿದವರು ಕೇಳಬೇಕಾಗಿಲ್ಲ.

ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಆಕೆ ಹುಟ್ಟೂರಿಗೆ ಮರಳಿದಳು. ಆ ಬಳಿಕ ಕೆಲಸದ ರೀತಿ ಬದಲಾಯಿತು. ಆಕೆಯ ಅತ್ಯುತ್ತಮವಾದ ಕಾರ್ಯ ಇಲ್ಲಿಂದ ಮುಂದಿನದೆಂದು ನನ್ನ ಅಭಿಪ್ರಾಯ. ಡೆನ್ಮಾರ್ಕಿನ ಪತ್ರಾಗಾರಗಳಲ್ಲಿಯೂ ಹಳೆಯ ಯಾತ್ರಿಕರ ಮನೆಗಳಲ್ಲಿಯೂ ಸ್ಕೋರ್ಸ್‌ಬಿಸುಂಡಿನ ಛಾಯಾಚಿತ್ರಗಳನ್ನು ಹುಡುಕಿ, ಅವುಗಳ ಪ್ರತಿಗಳನ್ನು ಊರಿಗೆ ಹೊತ್ತು, ಹಿರಿಯರ ಮುಂದೆ ಹರಡಿ, ಇದು ಯಾರು, ಇವಳು ಯಾರ ಮಗಳು, ಈ ನಾಯಿಗಳು ಯಾರವು ಎಂದು ಕೇಳಿದಳು. ಮುದುಕಿಯರು ಬೆರಳಿಟ್ಟು ಹೆಸರು ಹೇಳಿದರು. ಯಾರದೋ ವರದಿಯಲ್ಲಿ ಮಾದರಿಯಾಗಿ ನಿಂತವರು ಅಜ್ಜಿಯರಾದರು, ಚಿಕ್ಕಪ್ಪಂದಿರಾದರು. ರಾಸ್ಮುಸ್ಸೆನನು ಜನರ ಮಾತನ್ನು ಕೇಳಿ ಕೋಪನ್‌ಹೇಗನ್ನಿಗೆ ಒಯ್ದನು. ಈಕೆ ಕೋಪನ್‌ಹೇಗನ್ನಿನಲ್ಲಿದ್ದುದನ್ನು ಜನರ ಬಳಿಗೆ ತಂದಳು. ಆತನಿಗೆ ನುಡಿ ಬರುತ್ತಿತ್ತು. ಈಕೆಗೆ ಬಾರದು, ನಡುವೆ ಮತ್ತೊಬ್ಬರು ಕುಳಿತು ಹೇಳಬೇಕಾಗಿದ್ದ ಆ ಸಂಭಾಷಣೆಗಳಲ್ಲಿ ತಪ್ಪಿಹೋದುದೂ ಬಹಳವಿರಬೇಕು. ಆದರೆ ಭಾಷೆಯಿಲ್ಲದವಳಿಗೆ ಚಿತ್ರವೊಂದು ಆಧಾರ: ಬೆರಳಿಟ್ಟು ತೋರಿಸುವುದಕ್ಕೆ ವ್ಯಾಕರಣ ಬೇಡ.

2003ರಲ್ಲಿ ‘ಸ್ಕೋರ್ಸ್‌ಬಿಸುಂಡಿನ ಕಥೆಗಳು’ ಎಂಬ ಗ್ರಂಥವು ಡೇನಿಷಿನಲ್ಲಿ ಹೊರಬಂದಿತು. ಛಾಯಾಚಿತ್ರ, ವಸಾಹತು, ನಕ್ಷೆ ಎಂಬ ಮೂರನ್ನೂ ಉಪಶೀರ್ಷಿಕೆಯಲ್ಲಿಯೇ ಒಟ್ಟಿಗೆ ಹಿಡಿದ ಈ ಪುಸ್ತಕದಲ್ಲಿ ಊರು ಸ್ಥಾಪಿತವಾದ ಬಗೆ, ಬಂದುಹೋದ ಯಾತ್ರಿಕರು, ತನ್ನ ಮನೆತನ, ತಾನು ಚಿತ್ರಗಳನ್ನು ಹುಡುಕಿದ ದಾರಿ ಎಲ್ಲವೂ ಹೆಣೆದುಕೊಂಡಿವೆ. ಗದ್ಯವು ಶಾಂತವಾದುದು, ಒಮ್ಮೊಮ್ಮೆ ಒಣಹಾಸ್ಯದ್ದು. ವಸಾಹತಿನ ಕಾಲವನ್ನು ಕುರಿತ ಮೌನ ಡೇನರದು ಮಾತ್ರವಲ್ಲ, ಗ್ರೀನ್‌ಲೆಂಡಿನವರದೂ ಹೌದು, ಎರಡು ಕಡೆಯವರೂ ತಮ್ಮ ತಮ್ಮ ಕಾರಣಗಳಿಂದ ಅದನ್ನು ಕಾಪಾಡಿಕೊಂಡು ಬಂದಿದ್ದಾರೆ ಎಂದು ಆಕೆ ಕಂಡುದು ದಿಟ್ಟತನದ ಮಾತು. ಮಿಶ್ರಜನ್ಮದವಳಲ್ಲದೆ ಬೇರೆ ಯಾರು ಆಡಿದ್ದರೂ ಅದು ಪಕ್ಷಪಾತವಾಗಿ ಕೇಳಿಸುತ್ತಿತ್ತು. ಅದೇ ಕಾಲದ ‘ಲೆಜೆಂಡ್’ ಎಂಬ ಚಿತ್ರಮಾಲೆಯಲ್ಲಿ ಗ್ರೀನ್‌ಲೆಂಡಿನ ನಕ್ಷೆಗಳ ಮೇಲೆ ತನ್ನ ಬಂಧುಗಳ ಚಿತ್ರಗಳನ್ನು ಅಂಟಿಸಿ, ವಾಣಿಜ್ಯ ಸಂಸ್ಥೆಯ ಅಂಗಡಿಯ ಪದಾರ್ಥಗಳಾದ ಅಕ್ಕಿ, ಸಕ್ಕರೆ, ಕಾಫಿ, ಓಟ್ಸುಗಳನ್ನೂ ಸೇರಿಸಿದಳು. ‘ಸ್ಕೋರ್ಸ್‌ಬಿಸುಂಡಿಗೆ ಮಣ್ಣು’ ಎಂಬ ಇನ್ನೊಂದು ಕೃತಿಯು, ಸೋಸಿ ಉಳಿದ ಕಾಫಿಯ ಚರಟವನ್ನು ಸೋಸುಕಾಗದದಲ್ಲಿಯೇ ದಾರದಿಂದ ಕಟ್ಟಿಟ್ಟ ಪೊಟ್ಟಣಗಳ ರಾಶಿ. ಬಂಡೆಯ ಮೇಲಿನ ಊರಿಗೆ ಮಣ್ಣು ಇಲ್ಲ. ಅಂಗಡಿಯಿಂದ ಬಂದ ಕಾಫಿಯ ಗಸಿಯೇ ಮಣ್ಣಾಗಬೇಕು.

ಆಕೆ 2007ರಲ್ಲಿ, ಐವತ್ತು ತುಂಬುವ ಮೊದಲೇ, ಕ್ಯಾನ್ಸರಿನಿಂದ ತೀರಿಕೊಂಡಳು. 2010ರಲ್ಲಿ ಆಕೆಯ ಸಮಗ್ರ ಕೃತಿಗಳ ಪ್ರದರ್ಶನವು ಕೋಪನ್‌ಹೇಗನ್ನಿನಲ್ಲಿ ಏರ್ಪಟ್ಟು ಗ್ರೀನ್‌ಲೆಂಡಿನ ನೂಕ್ ಪಟ್ಟಣಕ್ಕೂ ಹೋಯಿತು. ಗ್ರಂಥವು ಇಂಗ್ಲಿಷಿಗೂ ಬಂದಿತು. 2009ರಲ್ಲಿ ಗ್ರೀನ್‌ಲೆಂಡಿಗೆ ವಿಸ್ತೃತವಾದ ಸ್ವಯಮಾಡಳಿತ ದೊರೆತ ಬಳಿಕ ಹೊಸ ತಲೆಮಾರಿನ ಲೇಖಕರೂ ಕಲಾವಿದರೂ ಆಕೆಯನ್ನು ತಮ್ಮ ಹಿರಿಯಳೆಂದು ಎಣಿಸತೊಡಗಿದರು. ತಂದೆಯಿಲ್ಲದವರೆಂದು ಕಾನೂನು ಬರೆದಿಟ್ಟಿದ್ದವರಿಗೆ ತಂದೆಯ ಹೆಸರನ್ನು ಕೇಳಿಪಡೆಯುವ ಹಕ್ಕನ್ನು ಡೇನಿಷ್ ಶಾಸನಸಭೆಯು 2014ರಲ್ಲಿ ಕೊಟ್ಟಿತು. ಅಷ್ಟರಲ್ಲಿ ಆ ತಂದೆಗಳಲ್ಲಿ ಅನೇಕರು ಗತಿಸಿದ್ದರು.

‘ಸ್ಕೋರ್ಸ್‌ಬಿಸುಂಡಿನ ಕಥೆಗಳು’ ಊರಿನ ಸಂಪೂರ್ಣ ಚರಿತ್ರೆಯಲ್ಲ. ಅಂಗಡಿಯ ಲೆಕ್ಕಪತ್ರಗಳಾಗಲಿ, ಬೇಟೆಯ ವಾರ್ಷಿಕ ಪಟ್ಟಿಗಳಾಗಲಿ, ಪಶ್ಚಿಮದಿಂದ ಬಂದ ಉಪದೇಶಿಗಳಿಗೂ ಪೂರ್ವದ ಬೇಟೆಗಾರರಿಗೂ ನಡುವೆ ನಡೆದ ಘರ್ಷಣೆಗಳಾಗಲಿ ಅದರಲ್ಲಿ ಆವಶ್ಯಕವಾದಷ್ಟು ವಿಸ್ತಾರವಾಗಿ ಬಂದಿಲ್ಲ. ಊರಿನವರ ನುಡಿಯನ್ನು ಬಲ್ಲ ಇತಿಹಾಸಕಾರನೊಬ್ಬನು ಬರೆಯಬೇಕಾದ ಅಧ್ಯಾಯಗಳು ಅವು. ಹಾಗೆ ಬರೆಯಹೊರಡುವವನಿಗೆ, ಹಳೆಯ ಚಿತ್ರಗಳಲ್ಲಿ ನಿಂತವರ ಹೆಸರುಗಳು ಈಗ ಪುಸ್ತಕದಲ್ಲಿಯೇ ಸಿಕ್ಕುತ್ತವೆ.